ಪುಟ್ಟಿಯ ಕೈ ಮೇಲಿನ ಉಬ್ಬು

18 ನವೆಂಬರ್ 2024, ಸೋಮವಾರ, ರಾತ್ರಿ

ಕ್ಷಯದ ಸೋಂಕು ತಗುಲಿದೆಯೇ ಎಂದು ನೋಡಲು ಶನಿವಾರ ಪುಟ್ಟಿಗೆ ಚುಚ್ಚಿದ್ದ ಮಾಂಟೂ ಪರೀಕ್ಷೆಯನ್ನು ಇಂದು ಸಂಜೆ ಅಳೆದರು. ಮುಂಗೈಯ ಒಳಮೈಯಲ್ಲಿ ಬೆರಳಿಗೆ ಗಟ್ಟಿಯಾಗಿ ತಾಕುತ್ತಿದ್ದ ಉಬ್ಬಿನ ಎರಡೂ ಅಂಚಿಗೆ ಪೆನ್ನಿನಿಂದ ಗುರುತು ಹಾಕಿ, ಸುತ್ತಲಿನ ಕೆಂಪನ್ನು ಲೆಕ್ಕಕ್ಕೆ ಹಿಡಿಯದೆ, ಅಡ್ಡಲಾಗಿ ಪಟ್ಟಿಯಿಟ್ಟು 11 ಮಿಲಿಮೀಟರ್ ಎಂದು ಬರೆದುಕೊಂಡರು. ಕೆಮ್ಮಿಲ್ಲ, ಜ್ವರವಿಲ್ಲ, ಎಕ್ಸ್‌ರೇ ಶುಭ್ರವಾಗಿದೆ. ಆದರೂ ಮಹಡಿ ಮನೆಯ ತಾತನಿಗೆ ಕ್ಷಯವೆಂದು ತಿಳಿದ ದಿನದಿಂದ ಅಕ್ಕನಿಗೆ ನಿದ್ದೆಯಿಲ್ಲ.

ಬಸ್ಸಿನಲ್ಲಿ ಅವಳದು ಒಂದೇ ಪ್ರಶ್ನೆ. “ಹುಟ್ಟಿದಾಗಲೇ ಬಿಸಿಜಿ ಹಾಕಿಸಿದ್ದೆವಲ್ಲ, ಈ ಉಬ್ಬು ಆ ಲಸಿಕೆಯದೋ, ತಾತನ ಕೆಮ್ಮಿನದೋ?” ಉಬ್ಬಿಗೇ ಅದು ಗೊತ್ತಿಲ್ಲ ಎಂದೆ. ಮುಖ ತಿರುಗಿಸಿಕೊಂಡಳು. ಮಾತು ಒರಟಾಯಿತು ನಿಜ, ಸುಳ್ಳಂತೂ ಅಲ್ಲ: ಚುಚ್ಚಿದ ಟ್ಯೂಬರ್ಕ್ಯುಲಿನ್ ಎಂಬ ದ್ರವ ಕ್ಷಯಾಣುವಿನಿಂದ ತೆಗೆದ ಹಲವಾರು ಪ್ರೋಟೀನುಗಳ ಕಲಸುಮೇಲೋಗರ, ಅವುಗಳಲ್ಲಿ ಬಹಳಷ್ಟು ಲಸಿಕೆಯ ಬ್ಯಾಕ್ಟೀರಿಯಾದಲ್ಲೂ ಇರುವುದರಿಂದ, ಮೊದಲು ಎಲ್ಲಿ ಕಂಡಿದ್ದರೂ, ರೋಗಾಣುಗಳನ್ನು ನೆನಪಿಟ್ಟುಕೊಳ್ಳುವ ಟಿ-ಕೋಶಗಳು ಅವನ್ನು ಗುರುತು ಹಿಡಿದು ಚುಚ್ಚಿದ ಜಾಗದಲ್ಲಿ ಜಮಾಯಿಸುತ್ತವೆ.

ವ್ಯತ್ಯಾಸ ಹೇಳಬಲ್ಲವು ಇಸಾಟ್-6 ಮತ್ತು ಸಿಎಫ್‌ಪಿ-10 ಎಂಬ ಎರಡು ಪ್ರೋಟೀನುಗಳು. ತಲಾ ನೂರರ ಆಸುಪಾಸು ಅಮೈನೋ ಆಮ್ಲಗಳ ಪುಟ್ಟ ಜೋಡಿ. ತನ್ನನ್ನು ನುಂಗಿದ ಮ್ಯಾಕ್ರೋಫೇಜ್ (ರೋಗಾಣು ನುಂಗುವ ರಕ್ಷಕ ಕೋಶ) ಕೂಡಿಹಾಕುವ ಚೀಲವನ್ನು ಹರಿದುಕೊಳ್ಳಲು ಕ್ಷಯಾಣು ಹೊರಹಾಕುವ ಸರಂಜಾಮಿನಲ್ಲಿ ಇವೂ ಸೇರಿವೆ. ಬಿಸಿಜಿ ಲಸಿಕೆ ತಯಾರಿಸಿದ ಕಾಲ್ಮೆಟ್ ಮತ್ತು ಗೆರಾನ್ ಫ್ರಾನ್ಸಿನ ಲಿಲ್ ನಗರದಲ್ಲಿ, 1908ರಿಂದ 13 ವರ್ಷಗಳ ಕಾಲ, ದನದ ಕ್ಷಯಾಣುವನ್ನು ಪಿತ್ತರಸದಲ್ಲಿ ನೆನೆದ ಆಲೂಗಡ್ಡೆಯ ಮೇಲೆ 230 ಸಲ ಬೆಳೆಸುತ್ತ ಹೋದಾಗ, ಈ ಎರಡರ ಜೀನುಗಳಿದ್ದ ತುಂಡು ಅವರಿಗೆ ತಿಳಿಯದಂತೆಯೇ ಉದುರಿಹೋಯಿತು. ಬಿಸಿಜಿ ಪಳಗಿದ್ದರಲ್ಲಿ ಆ ನಷ್ಟದ ಪಾಲು ದೊಡ್ಡದು. (ಆಲೂಗಡ್ಡೆ ಎಂದಾಗ ಪುಟ್ಟಿ ನಕ್ಕಳು; ಅಕ್ಕ ನಗಲಿಲ್ಲ.) ಹೀಗಾಗಿ ಬಿಸಿಜಿಯಿಂದ ಮಾತ್ರ ಪಾಠ ಕಲಿತ ಟಿ-ಕೋಶಗಳಿಗೆ ಈ ಜೋಡಿಯ ಪರಿಚಯವೇ ಇರುವುದಿಲ್ಲ.

ನಾಳೆ ರಕ್ತ ಕೊಡಬೇಕು. ಈ ಪ್ರೋಟೀನುಗಳ ತುಣುಕು ಲೇಪಿಸಿದ ಕೊಳವೆಯಲ್ಲಿ ಅದನ್ನು ರಾತ್ರಿಯಿಡೀ ಮೈಬಿಸಿಯಲ್ಲಿ ಇಡುತ್ತಾರೆ. ಟಿ-ಕೋಶಗಳು ಗುರುತು ಹಿಡಿದರೆ ಸಂದೇಶ ಸಾರುವ ಪ್ರೋಟೀನಾದ ಇಂಟರ್‌ಫೆರಾನ್-ಗಾಮಾ ಸುರಿಸುತ್ತವೆ, ಅದನ್ನು ಅಳೆಯುತ್ತಾರೆ. ಒಳಗೆ ಕ್ಷಯಾಣುವನ್ನು ಕೊಲ್ಲುವಂತೆ ಮ್ಯಾಕ್ರೋಫೇಜನ್ನು ಹುರಿದುಂಬಿಸುವುದೂ ಅದೇ ಇಂಟರ್‌ಫೆರಾನ್. ಅಂದರೆ ನಾವು ಹೆದರಿ ಕಾಯುತ್ತಿರುವ ಅಂಕಿ, ಮಗುವಿನ ಮೈ ಹೋರಾಡುತ್ತಿರುವುದರ ಅಂಕಿಯೂ ಹೌದು.

ಇಷ್ಟನ್ನು ಹೇಳಿದೆ. ಫಲಿತಾಂಶ ಪಾಸಿಟಿವ್ ಬಂದರೂ ಕ್ಷಯಾಣು ಒಳಗೆ ಮಲಗಿದೆಯೋ ಎದ್ದಿದೆಯೋ ಎಂಬುದನ್ನು ಆ ಕೊಳವೆ ಹೇಳಲಾರದು ಎಂಬುದನ್ನು ಮಾತ್ರ ಹೇಳಲಿಲ್ಲ. ಪುಟ್ಟಿ ಮಲಗಿದ್ದಾಳೆ, ನಿದ್ದೆಯಲ್ಲೂ ಕೈ ಆ ಉಬ್ಬಿನ ಮೇಲೇ ಹೋಗುತ್ತಿದೆ, ಪೆನ್ನಿನ ಗುರುತು ಇನ್ನೂ ಇದೆ.