ಸಂಜೆಯೊಳಗೆ ಒಣಗಬೇಕು: ಮನೆ ಕಾರ್ಪೆಟ್ ತೊಳೆಯುವ ಕೆಲಸದ ಒಂಬತ್ತು ವಾರ

ಮೊದಲ ವಾರ

ನಾನೂ ತಮ್ಮನೂ ಸೇರಿ ಬೆಂಗಳೂರಿನಲ್ಲಿ ಮನೆಗಳಿಗೆ ಹೋಗಿ ಕಾರ್ಪೆಟ್ ತೊಳೆಯುವ ಕೆಲಸ ಶುರು ಮಾಡಿದ್ದೇವೆ. ನನಗೆ ಎರಡು ವರ್ಷ ಆಫೀಸುಗಳ ಕಾರ್ಪೆಟ್ ತೊಳೆದ ಅನುಭವ ಇದೆ. ಆದರೆ ಆಫೀಸೇ ಬೇರೆ, ಮನೆಯೇ ಬೇರೆ. ಆಫೀಸಿನಲ್ಲಿ ರಾತ್ರಿ ತೊಳೆದು ಬಾಗಿಲು ಹಾಕಿ ಬಂದರೆ ಸಾಕು, ಬೆಳಗಾಗುವಷ್ಟರಲ್ಲಿ ಒಣಗಿರುತ್ತಿತ್ತು. ಮನೆಯಲ್ಲಿ ಹಾಗಾಗುವುದಿಲ್ಲ. ಅಂಬೆಗಾಲಿಡುವ ಮಗು ಇರುತ್ತದೆ. ಸಂಜೆ ನೆಂಟರು ಬರುವವರಿರುತ್ತಾರೆ. ಮಂಚದ ಕೆಳಗೆ, ಸೋಫಾದ ಕೆಳಗೆ ಸಿಕ್ಕಿಕೊಂಡಿರುವ ಕಾರ್ಪೆಟ್ಟನ್ನು ಎಳೆದು ತೆಗೆಯುವುದೇ ಒಂದು ಕೆಲಸ.

ಮೊದಲ ಮನೆ ಜಯನಗರದಲ್ಲಿ. ಎರಡು ಕಾರ್ಪೆಟ್, ಒಂದು 5 ಅಡಿ 8 ಅಡಿ, ಇನ್ನೊಂದು 4 ಅಡಿ 6 ಅಡಿ. ಮುಗಿಯುವಷ್ಟರಲ್ಲಿ 3 ಗಂಟೆ 20 ನಿಮಿಷ ಆಯಿತು. ಹೊರಡುವಾಗ ಆ ಮನೆಯ ಅಮ್ಮ ಕೇಳಿದರು: "ಸಂಜೆಗೆ ಒಣಗುತ್ತೆ ಅಲ್ವಾ ಅಪ್ಪಾ? ದೀಪ ಹಚ್ಚೋ ಹೊತ್ತಿಗೆ ಜನ ಬರ್ತಾರೆ." ಒಣಗುತ್ತೆ ಅಂದೆ. ಒಣಗಲಿಲ್ಲ. ಮಾರನೇ ದಿನ ಬೆಳಿಗ್ಗೆ ಫೋನ್ ಮಾಡಿ ವಿಚಾರಿಸಿದೆ, ಇನ್ನೂ ತಣ್ಣಗಿದೆ ಅಂದರು. ಆ ಮಾತು ಇಡೀ ದಿನ ಮನಸ್ಸಿನಲ್ಲಿ ಕೊರೆಯುತ್ತಿತ್ತು.

ಅವತ್ತೇ ಗುರಿ ಬರೆದುಕೊಂಡೆ. ಇಷ್ಟೇ ಅಳತೆಯ ಕೆಲಸ ಎರಡು ಗಂಟೆಯೊಳಗೆ ಮುಗಿಯಬೇಕು. ಮಧ್ಯಾಹ್ನ 12ಕ್ಕೆ ಬಿಟ್ಟು ಬಂದ ಕಾರ್ಪೆಟ್ ಸಂಜೆ 6ಕ್ಕೆ ಒಣಗಿರಬೇಕು.

ಎರಡನೇ ವಾರ

ಹೊತ್ತು ಎಲ್ಲಿ ಹೋಗುತ್ತಿದೆ ಅಂತ ತಮ್ಮ ನಿಮಿಷ ನಿಮಿಷ ಬರೆದಿಟ್ಟ. ನೋಡಿದರೆ ತೊಳೆಯುವುದಕ್ಕೆ ಹಿಡಿದದ್ದು 50 ನಿಮಿಷ ಮಾತ್ರ. ಉಳಿದದ್ದೆಲ್ಲ ಸಾಮಾನು ಮೇಲೆ ಹೊರುವುದು, ನೀರು ಕಾಯಲಿ ಅಂತ ಕಾಯುವುದು, ಪೀಠೋಪಕರಣ ಸರಿಸುವುದು, ಮತ್ತೆ ಮತ್ತೆ ಟ್ಯಾಂಕ್ ಖಾಲಿ ಮಾಡುವುದು.

ನೀರಿನದು ಸುಲಭವಾಗಿ ಬಗೆಹರಿಯಿತು. ನಮ್ಮ ಹತ್ತಿರ 2 ಕಿಲೋವಾಟ್ ಹೀಟರ್ ಇತ್ತು. ಅದನ್ನೂ, ಕಾರ್ಪೆಟ್ಟಿಗೆ ನೀರು ಬಿಟ್ಟು ಕೊಳೆನೀರು ವಾಪಸ್ ಹೀರುವ ಮೆಷಿನ್ನನ್ನೂ ಒಟ್ಟಿಗೆ ಹಾಕಿದಾಗ ಎರಡನೇ ಮನೆಯಲ್ಲಿ ಎಂಸಿಬಿ ಬಿದ್ದು ಫ್ರಿಜ್ ಸಮೇತ ಎಲ್ಲ ಆರಿತು. ಈಗ ಹೀಟರ್ ಒಯ್ಯುವುದೇ ಇಲ್ಲ. ಮನೆಗೆ ಕಾಲಿಟ್ಟ ಕೂಡಲೇ ಕೇಳಿಕೊಂಡು ಅವರ ಗೀಸರ್ ಆನ್ ಮಾಡುತ್ತೇವೆ. 15 ಲೀಟರಿನ 2 ಕಿಲೋವಾಟ್ ಗೀಸರ್ 25 ಡಿಗ್ರಿ ನೀರನ್ನು 60 ಡಿಗ್ರಿಗೆ ತರಲು ಲೆಕ್ಕದಲ್ಲಿ 18 ನಿಮಿಷ ಸಾಕು. ಅಷ್ಟರಲ್ಲಿ ನಾವು ಧೂಳು ತೆಗೆಯುತ್ತಿರುತ್ತೇವೆ. ಯಾರೂ ಸುಮ್ನೆ ನಿಲ್ಲುವುದಿಲ್ಲ. ಹೊರುವ ಭಾರವೂ ಕಡಿಮೆ ಆಯಿತು.

ಮೂರನೇ ವಾರ

ಈ ವಾರ ಕಲಿತದ್ದು ದೊಡ್ಡದು.

ಒಂದು ಕಾರ್ಪೆಟ್ಟಿನ ಅರ್ಧ ಭಾಗಕ್ಕೆ ಎಂದಿನಂತೆ ಒಂದು ಸಲ ವ್ಯಾಕ್ಯೂಮ್ ಹಾಕಿದೆವು. ಇನ್ನರ್ಧವನ್ನು ಮೊದಲು ಮಗುಚಿ ಹಾಕಿ, ಬೆನ್ನಿನ ಕಡೆಯಿಂದ ಬ್ರಷ್ ತಿರುಗುವ ವ್ಯಾಕ್ಯೂಮ್ ಆಡಿಸಿದೆವು. ಆ ಕಂಪನಕ್ಕೆ ಬುಡದಲ್ಲಿ ಕೂತ ಮರಳು ಕೆಳಗೆ ಉದುರುತ್ತದೆ. ಎತ್ತಿ ನೋಡಿದರೆ ನೆಲದ ಮೇಲೆ ರಂಗೋಲಿ ಪುಡಿ ಚೆಲ್ಲಿದ ಹಾಗೆ ಬಿದ್ದಿತ್ತು. ಅದನ್ನು ಗುಡಿಸಿ, ಕಾರ್ಪೆಟ್ ತಿರುಗಿಸಿ, ಮೇಲಿನಿಂದ ಉದ್ದಕ್ಕೂ ಅಡ್ಡಕ್ಕೂ ನಿಧಾನವಾಗಿ ಎಳೆದೆವು. ಆಮೇಲೆ ಎರಡೂ ಭಾಗಕ್ಕೆ ಒಂದೇ ಅಳತೆಯ ನೀರು ಹಾಕಿ ತೊಳೆದೆವು. ಒಂದು ಸಲ ವ್ಯಾಕ್ಯೂಮ್ ಹಾಕಿದ ಕಡೆ ಮೊದಲು ಬಂದ ನೀರು ಕೆಸರು. ಇನ್ನೊಂದು ಕಡೆಯದು ತೆಳು ಬೂದು ಬಣ್ಣ.

ಕಾರ್ಪೆಟ್ಟಿನ ಕೊಳೆಯಲ್ಲಿ ಹೆಚ್ಚಿನ ಪಾಲು ಒಣ ಧೂಳು ಮತ್ತು ಮರಳು. ಒಣಗಿರುವಾಗ ಅದನ್ನು ತೆಗೆಯುವುದು ಸುಲಭ. ನೀರು ಬಿದ್ದ ಮೇಲೆ ಅದು ಕೆಸರಾಗಿ ಬುಡಕ್ಕೆ ಅಂಟುತ್ತದೆ, ಆ ಕೆಸರು ತೆಗೆಯಲು ಇನ್ನಷ್ಟು ನೀರು ಬೇಕಾಗುತ್ತದೆ. ಹಿಂದೆ ನಮ್ಮ ಮನೆಗಳಲ್ಲಿ ಜಮಖಾನವನ್ನು ಕಾಂಪೌಂಡ್ ಗೋಡೆ ಮೇಲೆ ಹಾಕಿ ಕೋಲಿನಿಂದ ಬಡಿಯುತ್ತಿದ್ದರಲ್ಲ, ಅದು ಇದೇ ಕೆಲಸ. ಹಾಗಾಗಿ ಒಣ ಕೆಲಸಕ್ಕೆ 10 ನಿಮಿಷದ ಬದಲು 25 ನಿಮಿಷ ಕೊಟ್ಟೆವು. ಒಟ್ಟು ಸಮಯ ಅದರಿಂದ ಕಡಿಮೆಯೇ ಆಯಿತು.

ನಾಲ್ಕನೇ ವಾರ

ಒಂದು ಹಳೇ ಉಣ್ಣೆ ಕಾರ್ಪೆಟ್ ನಮ್ಮ ಕೈಯಲ್ಲಿ ಹಾಳಾಗುವುದರಲ್ಲಿತ್ತು. ತಿಳಿ ಕೆನೆ ಬಣ್ಣ, ಬೆನ್ನಿಗೆ ಸೆಣಬು. ನಾವು ನೀರು ಜಾಸ್ತಿ ಹಾಕಿದೆವು. ಸಂಜೆ ಫೋನ್ ಬಂತು, ಒಣಗುತ್ತಾ ಒಣಗುತ್ತಾ ಮೇಲೆಲ್ಲ ಚಹಾ ಬಣ್ಣ ಬಂದಿದೆ ಅಂತ. ಓಡಿಹೋದೆವು.

ಆಗಿದ್ದು ಇಷ್ಟು. ನೀರು ಸೆಣಬಿನವರೆಗೂ ಇಳಿದು ಅದರಲ್ಲಿರುವ ಕಂದು ಅಂಶವನ್ನು ಕರಗಿಸಿದೆ. ಮೇಲಿನಿಂದ ಒಣಗುವಾಗ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ಅದು ಎಳೆಗಳ ತುದಿಗೆ ಏರಿ ನಿಂತಿದೆ. ಸೋಪಿನ ಕ್ಷಾರ ಉಳಿದಿದ್ದರಿಂದ ಬಣ್ಣ ಇನ್ನೂ ಗಾಢವಾಗಿದೆ. ಸಿಟ್ರಿಕ್ ಆಸಿಡ್ಡನ್ನು ತೆಳುವಾಗಿ ನೀರಿನಲ್ಲಿ ಕಲಸಿ, ಮಂಜಿನ ಹಾಗೆ ಸಿಂಪಡಿಸಿ, ಬಿಳಿ ಟವೆಲಿನಿಂದ ಒತ್ತಿ ಒತ್ತಿ ತೆಗೆದೆವು. ಎರಡು ಫ್ಯಾನ್ ಇಟ್ಟು ಬೇಗ ಒಣಗಿಸಿದೆವು. ಹೆಚ್ಚೂಕಡಿಮೆ ಎಲ್ಲ ಹೋಯಿತು. ಒಂದು ಮೂಲೆಯಲ್ಲಿ ನೆರಳಿನಷ್ಟು ಉಳಿದಿದೆ. ಅವರ ಹತ್ತಿರ ದುಡ್ಡು ತೆಗೆದುಕೊಳ್ಳಲಿಲ್ಲ.

ಅಂದಿನಿಂದ ಎರಡು ನಿಯಮ. ಒಂದು, ಏನು ಎಳೆ ಅಂತ ತಿಳಿಯದೆ ನೀರು ಮುಟ್ಟಿಸುವುದಿಲ್ಲ. ಮಡಿಕೆಯ ಒಳಗಿಂದ ಒಂದೆರಡು ಎಳೆ ಕಿತ್ತು ಹೊರಗೆ ಹೋಗಿ ಸುಟ್ಟು ನೋಡುತ್ತೇವೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಹತ್ತಿ, ಸೆಣಬು, ವಿಸ್ಕೋಸ್ (ಮರದ ತಿರುಳಿನಂಥದರಿಂದ ಮಾಡುವ ಎಳೆ) ಆದರೆ ಕಾಗದ ಸುಟ್ಟ ವಾಸನೆ. ನೈಲಾನ್, ಪಾಲಿಯೆಸ್ಟರ್, ಪಾಲಿಪ್ರೊಪಿಲೀನ್ ಕರಗಿ ಗಟ್ಟಿ ಮಣಿಯಾಗುತ್ತವೆ. ಪಾಲಿಪ್ರೊಪಿಲೀನ್ ಎಳೆ ನೀರಿನಲ್ಲಿ ತೇಲುತ್ತದೆ, ಉಳಿದವು ಮುಳುಗುತ್ತವೆ. ಉಣ್ಣೆಗೆ ಪಿಎಚ್ (ಹುಳಿ-ಕ್ಷಾರದ ಅಳತೆ) 8.5 ಮೀರದ ಸೋಪು, ಉಗುರುಬೆಚ್ಚಗಿನ ನೀರು. ಬ್ಲೀಚ್ ಅಂತೂ ಹತ್ತಿರ ಸುಳಿಯಬಾರದು, ಅದು ಉಣ್ಣೆಯನ್ನೇ ಕರಗಿಸುತ್ತದೆ.

ಬ್ಯಾಂಬೂ ಸಿಲ್ಕ್ ಅಂತ ಮಾರುವ ಹೊಳೆಯುವ ಕಾರ್ಪೆಟ್ ಹೆಚ್ಚಾಗಿ ವಿಸ್ಕೋಸ್. ಒದ್ದೆಯಾದರೆ ಅದರ ಎಳೆ ಶಕ್ತಿ ಕಳೆದುಕೊಳ್ಳುತ್ತದೆ, ಒಣಗಿದ ಮೇಲೆ ಹಳದಿಯಾಗಿ ಮುದುಡುತ್ತದೆ. ಅದನ್ನು ನೀರಿನಲ್ಲಿ ತೊಳೆಯಲು ನಾವು ಒಪ್ಪುವುದಿಲ್ಲ. ಈ ವಾರ ಅಂಥ ಒಂದು ಕೆಲಸ ಬಿಟ್ಟೆವು. ಬಿಟ್ಟದ್ದು ಸರಿ ಅಂತಲೇ ನನ್ನ ಅನಿಸಿಕೆ.

ಎರಡನೇ ನಿಯಮ ನೀರಿನ ಲೆಕ್ಕ. ಅದು ಮುಂದೆ.

ಐದನೇ ವಾರ

ಎಷ್ಟು ನೀರು ಹಾಕಿದೆವು, ಎಷ್ಟು ವಾಪಸ್ ಎಳೆದೆವು. ಈ ಎರಡೇ ಅಂಕಿ ಈಗ ಪ್ರತಿ ಮನೆಯಲ್ಲೂ ಬರೆಯುತ್ತೇವೆ. ಜಯನಗರದಲ್ಲಿ ಹಾಕಿದಷ್ಟೇ ನೀರನ್ನು ಅಷ್ಟೇ ಅಳತೆಯ ಎರಡು ಕಾರ್ಪೆಟ್ಟಿಗೆ ಮತ್ತೆ ಹಾಕಿ ನೋಡಿದೆ. 20 ಲೀಟರ್ ಒಳಗೆ ಹೋಯಿತು, ಕೊಳೆನೀರಿನ ಟ್ಯಾಂಕಿಗೆ ಬಂದದ್ದು 11. ಉಳಿದ 9 ಲೀಟರ್ ಕಾರ್ಪೆಟ್ಟಿನಲ್ಲೇ ಇದೆ. ಅಂದರೆ 9 ಕಿಲೋ ನೀರು. ಅದು ಸಂಜೆಯೊಳಗೆ ಹೇಗೆ ಒಣಗೀತು?

ಆಮೇಲೆ ಮಾಡಿದ ಬದಲಾವಣೆ ಸಣ್ಣದು. ಸೋಪು ನೀರನ್ನು ಮೆಷಿನ್ನಿನಲ್ಲಿ ಹಾಕುವುದು ಬಿಟ್ಟೆವು. ಮೊದಲು ಕೈ ಸ್ಪ್ರೇಯರಿನಲ್ಲಿ ತೆಳುವಾಗಿ ಸಿಂಪಡಿಸಿ, ಬ್ರಷ್‌ನಿಂದ ಎಳೆಗಳ ನಡುವೆ ಇಳಿಸಿ, 10 ನಿಮಿಷ ಬಿಡುತ್ತೇವೆ. ಕೊಳೆ ಸಡಿಲ ಮಾಡುವ ಕೆಲಸವನ್ನು ಆ 10 ನಿಮಿಷವೇ ಮಾಡುತ್ತದೆ. ಮೆಷಿನ್ನಿನಲ್ಲಿ ಬರೀ ಬಿಸಿನೀರು, ಅದಕ್ಕೆ ಚೂರು ಸಿಟ್ರಿಕ್ ಆಸಿಡ್. ಒಂದು ಸಲ ನೀರು ಬಿಡುತ್ತಾ ಎಳೆದರೆ, ಅದೇ ಜಾಗದಲ್ಲಿ ಎರಡು ಸಲ ನೀರು ಬಿಡದೆ ಬರೀ ಹೀರುತ್ತೇವೆ. ಕೈ ನಿಧಾನವಾಗಿರಬೇಕು. ಬೇಗ ಎಳೆದರೆ ಮೆಷಿನ್ ಸದ್ದು ಮಾಡುತ್ತದೆ, ನೀರು ಬರುವುದಿಲ್ಲ.

ಈಗ ಅದೇ ಅಳತೆಗೆ 12 ಲೀಟರ್ ಒಳಗೆ, ಸುಮಾರು 10 ಹೊರಗೆ. ಈ ಅಂಕಿ ಮೊದಲ ಸಲ ಬಂದ ದಿನ ತಮ್ಮ ಟ್ಯಾಂಕಿನ ಗೆರೆ ಮೂರು ಸಲ ನೋಡಿದ. "ಅಣ್ಣ, ಎರಡೇ ಲೀಟರು ಉಳಿದಿರೋದು" ಅಂದ. ಅವತ್ತು ಇಬ್ಬರಿಗೂ ತುಂಬಾ ಖುಷಿಯಾಯಿತು.

ಕಾಫಿ ಕಲೆಯ ಬಗ್ಗೆ ಒಂದು ಸಾಲು. ಹಾಲು ಬೆರೆತ ಕಲೆಗೆ ಮೊದಲೇ ಬಿಸಿನೀರು ಹಾಕಬಾರದು, ತಣ್ಣೀರೇ ಸರಿ. ಮಾರನೇ ದಿನ ಕಲೆ ಮತ್ತೆ ಮೇಲೆ ಬಂದರೆ ಅದು ಬುಡದಲ್ಲಿ ಉಳಿದದ್ದು. ಒದ್ದೆ ಇರುವಾಗಲೇ ದಪ್ಪ ಬಿಳಿ ಟವೆಲ್ ಹಾಸಿ ಮೇಲೆ ಭಾರ ಇಟ್ಟರೆ ಏರಿ ಬರುವುದು ಟವೆಲಿಗೆ ಹೋಗುತ್ತದೆ.

ಆರನೇ ವಾರ

ಅರಿಶಿನ! ನಮ್ಮ ಮನೆಗಳಲ್ಲಿ ಕಾರ್ಪೆಟ್ ತೊಳೆಯುವವರು ಇದೊಂದನ್ನು ಚೆನ್ನಾಗಿ ತಿಳಿದಿರಲೇಬೇಕು.

ಮಲ್ಲೇಶ್ವರದ ಒಂದು ಮನೆಯಲ್ಲಿ ನಾಮಕರಣ ಆಗಿತ್ತು. ಬಿಳಿ ನೈಲಾನ್ ಕಾರ್ಪೆಟ್ ಮೇಲೆ ಅಂಗೈಯಷ್ಟು ಅಗಲ ಹಳದಿ ಕಲೆ. ನಾನು ಎಂದಿನ ಸ್ಪ್ರೇ ಹೊಡೆದೆ. ಕಣ್ಣೆದುರೇ ಕಲೆ ಕೆಂಪಾಯಿತು. ಮನೆಯವರು ಗಾಬರಿಯಾದರು, ನನಗೂ ಎದೆ ಧಸಕ್ಕೆಂದಿತು. ಆಗ ಒಳಗಿನಿಂದ ಬಂದ ಅಜ್ಜಿ ನೋಡಿ, "ಇದರಲ್ಲಿ ಸುಣ್ಣ ಇದೆಯೇನಪ್ಪಾ? ಆರತಿ ನೀರಿನ ಹಾಗೆ ಆಯ್ತಲ್ಲ" ಅಂದರು.

ಅಜ್ಜಿ ಹೇಳಿದ್ದು ಅಕ್ಷರಶಃ ಸರಿ. ಆರತಿ ನೀರಿಗೆ ಅರಿಶಿನದ ಜೊತೆ ಸುಣ್ಣ ಸೇರಿಸಿದರೆ ಕೆಂಪಾಗುತ್ತದೆ. ಸುಣ್ಣ ಕ್ಷಾರ. ಸಿಂಥೆಟಿಕ್ ಕಾರ್ಪೆಟ್ಟಿಗೆ ಬಳಸುವ ಸ್ಪ್ರೇ ಕೂಡ ಕ್ಷಾರವೇ, ಪಿಎಚ್ 10ರ ಆಸುಪಾಸು. ಅರಿಶಿನದಲ್ಲಿರುವ ಕರ್ಕ್ಯುಮಿನ್ ಕ್ಷಾರ ಮುಟ್ಟಿದರೆ ಕೆಂಪು, ಹುಳಿ ಮುಟ್ಟಿದರೆ ಮತ್ತೆ ಹಳದಿ. ಸಿಟ್ರಿಕ್ ಆಸಿಡ್ ನೀರು ಸಿಂಪಡಿಸಿದೆ, ಹಳದಿಗೆ ಮರಳಿತು. ಎಲ್ಲರೂ ಉಸಿರು ಬಿಟ್ಟರು. ಆದರೆ ಹಳದಿ ಹಳದಿಯೇ. ತಟಸ್ಥ ಸೋಪಿನಿಂದ ಒತ್ತಿ ತೆಗೆದರೆ ಅರ್ಧ ಹೋಯಿತು.

ಉಳಿದರ್ಧಕ್ಕೆ ಬಿಸಿಲೇ ಮದ್ದು. ಅರಿಶಿನದ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ. ಸೀರೆಗೆ ಬಿದ್ದ ಅರಿಶಿನ ಬಿಸಿಲಿನಲ್ಲಿ ಒಣಗಿದರೆ ಮಾಸುತ್ತದಲ್ಲ, ಹಾಗೇ. ಕಾರ್ಪೆಟ್ಟನ್ನು ಬಾಲ್ಕನಿಗೆ ಒಯ್ದು, ಹಳೇ ಬೆಡ್‌ಶೀಟಿನಲ್ಲಿ ಕಲೆಯಷ್ಟೇ ಅಗಲದ ತೂತು ಮಾಡಿ, ಉಳಿದ ಭಾಗವೆಲ್ಲ ಮುಚ್ಚಿ ಇಟ್ಟೆವು. ಮುಚ್ಚದಿದ್ದರೆ ಕಾರ್ಪೆಟ್ಟಿನ ಬಣ್ಣವೂ ಮಾಸುತ್ತದೆ. ಮೂರು ದಿನದ ಬೆಳಗಿನ ಬಿಸಿಲು ಸಾಕಾಯಿತು. ಫೋಟೋ ಕಳಿಸಿದರು. ಕಲೆ ಎಲ್ಲಿತ್ತು ಅಂತ ನನಗೇ ಗುರುತು ಸಿಗಲಿಲ್ಲ. ಈಗ ಕೆಲಸಕ್ಕೆ ಮುಂಚೆ ಕೇಳುವ ಮೊದಲ ಪ್ರಶ್ನೆಯೇ ಇದು: ಅರಿಶಿನ, ಸಾರು, ಸಾಂಬಾರ್ ಎಲ್ಲಾದರೂ ಬಿದ್ದಿದೆಯಾ?

ಏಳನೇ ವಾರ

ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟ್. ಎಲ್ಲ ಸರಿಯಾಗಿ ಮಾಡಿದರೂ ಒಣಗಿದ ಮೇಲೆ ಕಾರ್ಪೆಟ್ ಒರಟು. ಬೋರ್‌ವೆಲ್ ನೀರು. ಟಿಡಿಎಸ್ ಮೀಟರ್ 900 ದಾಟಿತು. ಕುಡಿಯುವ ನೀರಿಗೆ ಭಾರತೀಯ ಮಾನದಂಡ ಐಎಸ್ 10500 ಹೇಳುವ ಒಪ್ಪುವ ಮಿತಿಯೇ 500. ಆ ಮೀಟರ್ ಗಡಸುತನವನ್ನಷ್ಟೇ ಅಳೆಯುವುದಿಲ್ಲ, ಕರಗಿದ ಎಲ್ಲ ಲವಣ ಸೇರಿಸಿ ತೋರಿಸುತ್ತದೆ. ಆದರೂ ಸೋಪು ಏಕೆ ನೊರೆ ಕೊಡುತ್ತಿಲ್ಲ, ಎಳೆ ಏಕೆ ಬಿರುಸಾಗಿದೆ ಅನ್ನುವುದಕ್ಕೆ ಒಂದು ಸುಳಿವು ಸಿಗುತ್ತದೆ.

ಅಲ್ಲಿ ಗೀಸರ್ ಉಪಾಯ ನಡೆಯುವುದಿಲ್ಲ. ಮದುವೆ ಊಟದಲ್ಲಿ ಸಾರು, ಕಾಫಿ ಬಿಸಿಯಾಗಿಡಲು ಸ್ಟೀಲ್ ಡ್ರಮ್ ಇಡುತ್ತಾರಲ್ಲ, ಅಂಥ 20 ಲೀಟರಿನದೊಂದು ಕೊಂಡೆವು. ಬೋರ್‌ವೆಲ್ ಮನೆಗೆ ಹೋಗುವ ದಿನ ನಮ್ಮ ಮನೆಯಲ್ಲೇ ಕಾವೇರಿ ನೀರು ಕಾಯಿಸಿ ಅದರಲ್ಲಿ ತುಂಬಿಕೊಂಡು ಹೋಗುತ್ತೇವೆ. 12 ಲೀಟರಿನಲ್ಲಿ ಕೆಲಸ ಮುಗಿಯುವುದರಿಂದಲೇ ಇದು ಸಾಧ್ಯ. ಮೊದಲಿನ ಹಾಗೆ 20 ಲೀಟರ್ ಸುರಿಯುತ್ತಿದ್ದರೆ ಡ್ರಮ್ ಅಂಚಿನವರೆಗೂ ತುಂಬಿ ಹೊರಬೇಕಿತ್ತು.

ಎಂಟನೇ ವಾರ

ಮಳೆ. ನಾಲ್ಕು ದಿನ ಬಿಸಿಲಿಲ್ಲ. ಒಂದು ಮನೆಯಲ್ಲಿ ಕಿಟಕಿ ತೆರೆದಿಟ್ಟು ಬಂದೆವು, 11 ಗಂಟೆ ಹಿಡಿಯಿತು. ಇನ್ನೊಂದರಲ್ಲಿ ಕಿಟಕಿ ಮುಚ್ಚಿ, ಎಸಿಯನ್ನು ಡ್ರೈ ಮೋಡಿಗೆ ಹಾಕಿ, ನೆಲಮಟ್ಟದಲ್ಲಿ ಗಾಳಿ ಊದುವ ಬ್ಲೋವರ್ ಇಟ್ಟೆವು. 5 ಗಂಟೆ. ಹೊರಗಿನ ಗಾಳಿಯೇ ತೇವವಾಗಿರುವಾಗ ಕಿಟಕಿ ತೆರೆದು ಏನೂ ಲಾಭವಿಲ್ಲ. ಎಸಿ ಇಲ್ಲದ ಮನೆಗಳಿಗೆ ಬ್ಲೋವರ್ ಬಿಟ್ಟು ಬಂದು ಸಂಜೆ ಹೋಗಿ ತರುತ್ತೇವೆ. ಕಾರ್ಪೆಟ್ಟಿನ ಅಂಚಿನ ಕೆಳಗೆ ಎರಡು ಪ್ಲಾಸ್ಟಿಕ್ ಡಬ್ಬಿ ಕೊಟ್ಟು ಸ್ವಲ್ಪ ಎತ್ತಿದರೆ ಬೆನ್ನಿಗೂ ಗಾಳಿ ಆಡುತ್ತದೆ.

ಒಂಬತ್ತನೇ ವಾರ

ಜಯನಗರದ ಆ ಅಮ್ಮನಿಗೆ ಫೋನ್ ಮಾಡಿ, ದುಡ್ಡು ಬೇಡ, ಇನ್ನೊಂದು ಸಲ ತೊಳೆದುಕೊಡುತ್ತೇನೆ ಅಂದೆ. ಅದೇ ಎರಡು ಕಾರ್ಪೆಟ್. 1 ಗಂಟೆ 35 ನಿಮಿಷ. 11:40ಕ್ಕೆ ಹೊರಟೆವು. 5 ಗಂಟೆಗೆ ಅವರೇ ಫೋನ್ ಮಾಡಿದರು: "ಒಣಗಿದೆ ಕಣಪ್ಪಾ. ಮೊಮ್ಮಗ ಆಗ್ಲೇ ಮಲ್ಕೊಂಡಿದ್ದಾನೆ ಅದರ ಮೇಲೆ."

ಅವರೇ ಇನ್ನೊಂದು ಕೆಲಸ ಕೊಟ್ಟಿದ್ದಾರೆ. ಅವರ ತಾಯಿ ಮನೆಯಿಂದ ಬಂದ ನವಲಗುಂದದ ಜಮಖಾನ. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಣ್ಣುಮಕ್ಕಳು ಕೈಮಗ್ಗದಲ್ಲಿ ನೇಯುವ ಹತ್ತಿಯ ಜಮಖಾನ ಇದು, ನವಿಲಿನ ಚಿತ್ತಾರ ಇದೆ. ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಇರುವ ನೇಯ್ಗೆ. ಬಿಳಿ ಬಟ್ಟೆ ಒದ್ದೆ ಮಾಡಿ ಕೆಂಪು ಪಟ್ಟಿಯ ಮೇಲೆ ಒಂದು ನಿಮಿಷ ಒತ್ತಿ ನೋಡಿದೆ. ಸೋಪು ನೀರಿಗೆ ಬಣ್ಣ ಬಿಟ್ಟಿತು. ತಣ್ಣೀರಿಗೆ ಚೂರು ವಿನೆಗರ್ ಹಾಕಿ ಒತ್ತಿದಾಗ ಬಟ್ಟೆ ಬಹುತೇಕ ಬೆಳ್ಳಗೇ ಇತ್ತು.

ಮೆಷಿನ್ ಇದಕ್ಕೆ ಬೇಡ ಅಂತ ತೀರ್ಮಾನಿಸಿದ್ದೇವೆ. ಶನಿವಾರ ಎರಡೂ ಕಡೆ ಧೂಳು ತೆಗೆದು, ಬೆನ್ನಿನ ಮೂಲೆಯಲ್ಲಿ ಒಂದು ಗೇಣು ಜಾಗ ಮಾತ್ರ ತಣ್ಣೀರಿನಲ್ಲಿ ಒರೆಸಿ, ನೆರಳಿನಲ್ಲಿ ಒಣಗಿಸಿ ನೋಡುತ್ತೇವೆ. ಕೆಂಪು ಪಕ್ಕದ ಬಿಳಿಗೆ ಹರಡದಿದ್ದರೆ ಮಾತ್ರ ಮುಂದಿನ ಗೇಣು.