ತನ್ನದೇ ಹೊಸ್ತಿಲಲ್ಲಿ: ಪತ್ರಿಕಾ ಪ್ರಕಾಶಕ ಹೊರೇಸ್ ಕಾರ್ಟರ್

1950ರ ಜುಲೈ 22, ಶನಿವಾರ ರಾತ್ರಿ. ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ದಕ್ಷಿಣದ ಅಂಚಿನಲ್ಲಿರುವ ಟೇಬರ್ ಸಿಟಿ ಎಂಬ ಪುಟ್ಟ ಊರಿನ ಬೀದಿಗಳಲ್ಲಿ ಬಿಳಿ ನಿಲುವಂಗಿ ತೊಟ್ಟು ಚೂಪು ಮುಸುಕು ಹಾಕಿಕೊಂಡ ಸುಮಾರು ನೂರು ಜನ ಕಾರುಗಳ ಸಾಲು ಕಟ್ಟಿಕೊಂಡು ಮೆರವಣಿಗೆ ಹೊರಟರು. ಬಂದವರು ಕು ಕ್ಲಕ್ಸ್ ಕ್ಲಾನ್‌ನವರೆಂದು, ಅಂದರೆ ಬಿಳಿಯರ ಮೇಲುಗೈಗಾಗಿ ಹಿಂಸೆಗಿಳಿಯುವ ಮುಸುಕುಧಾರಿ ಗುಪ್ತಸಂಘದವರೆಂದು, ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಅದನ್ನು ಕಂಡವರಲ್ಲಿ ಇಪ್ಪತ್ತೊಂಬತ್ತು ವರ್ಷದ ಒಬ್ಬ ತರುಣರೂ ಇದ್ದರು. ಊರಿನ ವಾರಪತ್ರಿಕೆ 'ಟೇಬರ್ ಸಿಟಿ ಟ್ರಿಬ್ಯೂನ್'ಗೆ ಅವರೇ ಪ್ರಕಾಶಕರು, ಅವರೇ ಸಂಪಾದಕರು, ಬಹುಮಟ್ಟಿಗೆ ಅವರೇ ವರದಿಗಾರರು ಮತ್ತು ಜಾಹೀರಾತು ಸಂಗ್ರಹಿಸುವವರು. ಮುಂದಿನ ಸಂಚಿಕೆ ಹೊರಬರಲು ನಾಲ್ಕು ದಿನ ಉಳಿದಿತ್ತು.

ಅವರ ಹೆಸರು ಡಬ್ಲ್ಯೂ. ಹೊರೇಸ್ ಕಾರ್ಟರ್. ದೊಡ್ಡ ನಗರಗಳ ದೊಡ್ಡ ಪತ್ರಿಕೆಗಳ ಒಡೆಯರ ಬಗ್ಗೆ ಬೇಕಾದಷ್ಟು ಬರಹಗಳಿವೆ. ನನ್ನನ್ನು ಬಹಳ ಕಾಲದಿಂದ ಹಿಡಿದಿಟ್ಟಿರುವುದು ಮಾತ್ರ ಈ ಸಣ್ಣ ಪತ್ರಿಕೆಯ ಒಡೆಯರ ಬದುಕು. ಚಿಕ್ಕ ವಾರಪತ್ರಿಕೆಯೊಂದರಲ್ಲಿ ಕೆಲವು ವರ್ಷ ದುಡಿದವನಾದ್ದರಿಂದ, ಬರೆಯುವವನೂ ಓದುವವರೂ ದಿನಕ್ಕೆ ನಾಲ್ಕು ಬಾರಿ ಎದುರುಬದುರಾಗುವ ಊರಿನಲ್ಲಿ ಒಂದು ಕಟುವಾದ ವಾಕ್ಯವನ್ನು ಅಚ್ಚಿಗೆ ಕಳಿಸುವುದೆಂದರೆ ಏನೆಂಬುದನ್ನು ನಾನು ಸ್ವಲ್ಪಮಟ್ಟಿಗೆ ಬಲ್ಲೆ. ಕಾರ್ಟರ್ ಕಳಿಸಿದ ವಾಕ್ಯಗಳ ಮುಂದೆ ನಾವು ಬರೆದದ್ದೆಲ್ಲ ತೀರಾ ಹಗುರವಾದದ್ದು.

ಅವರು ಹುಟ್ಟಿದ್ದು 1921ರ ಜನವರಿ 20ರಂದು, ಅದೇ ರಾಜ್ಯದ ಸ್ಟ್ಯಾನ್ಲಿ ಕೌಂಟಿಯ ಆಲ್ಬಮಾರ್ಲ್‌ನಲ್ಲಿ. ಸಿರಿವಂತಿಕೆಯ ಹಿನ್ನೆಲೆ ಅವರದಲ್ಲ. ಚಾಪೆಲ್ ಹಿಲ್‌ನಲ್ಲಿರುವ ರಾಜ್ಯ ವಿಶ್ವವಿದ್ಯಾಲಯಕ್ಕೆ ಸೇರಿ, ಅಲ್ಲಿನ ವಿದ್ಯಾರ್ಥಿ ಪತ್ರಿಕೆ 'ಡೈಲಿ ಟಾರ್ ಹೀಲ್'ನ ಸಂಪಾದಕರಾದರು. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಅಮೆರಿಕವನ್ನೂ ಸೆಳೆದುಕೊಂಡಿತ್ತು. ಆ ತಲೆಮಾರಿನ ಲಕ್ಷಾಂತರ ಯುವಕರಂತೆ ಕಾರ್ಟರ್ ಕೂಡ ನೌಕಾಪಡೆಯ ಸಮವಸ್ತ್ರ ತೊಟ್ಟರು.

ನಾರ್ತ್ ಕ್ಯಾರೊಲಿನಾದವರಿಗೆ ಸಮುದ್ರದ ಯುದ್ಧ ದೂರದ ಸುದ್ದಿಯಾಗಿರಲಿಲ್ಲ. 1942ರ ಮೊದಲ ತಿಂಗಳುಗಳಲ್ಲಿ ಜರ್ಮನಿಯ ಯು-ಬೋಟ್ ಜಲಾಂತರ್ಗಾಮಿಗಳು ಆ ರಾಜ್ಯದ ಕೇಪ್ ಹ್ಯಾಟರಸ್ ತೀರದಾಚೆ ಒಂದರ ಮೇಲೊಂದು ಸರಕು ಹಡಗುಗಳನ್ನೂ ತೈಲದ ಹಡಗುಗಳನ್ನೂ ಮುಳುಗಿಸಿದವು. ಉರಿಯುವ ಹಡಗುಗಳ ಬೆಳಕು ದಡದಲ್ಲಿದ್ದವರಿಗೂ ಕಾಣುತ್ತಿತ್ತು. ಆ ಕಡಲಿಗೆ 'ಟಾರ್ಪಿಡೊ ಓಣಿ' ಎಂಬ ಹೆಸರೇ ಬಿತ್ತು. ಯುದ್ಧ ಮುಗಿಯುವ ಹೊತ್ತಿಗೆ ಅಮೆರಿಕದ ನೌಕಾಪಡೆಯಲ್ಲಿ 30 ಲಕ್ಷಕ್ಕೂ ಹೆಚ್ಚು ಮಂದಿ ಇದ್ದರು. ಅವರಲ್ಲಿ ಹೆಚ್ಚಿನವರು ವೃತ್ತಿಯ ನಾವಿಕರಲ್ಲ. ಹೊಲದಿಂದ, ಗಿರಣಿಯಿಂದ, ತರಗತಿಯಿಂದ ಎದ್ದು ಬಂದವರು. ಅವರು ಯಾವುದರ ವಿರುದ್ಧ ಹೊರಟಿದ್ದಾರೆಂದು ಅವರಿಗೆ ಬಿಡಿಸಿ ಹೇಳಲಾಗಿತ್ತು: ಮುಸೊಲಿನಿಯ ಫ್ಯಾಸಿಸಂ, ಹಿಟ್ಲರನ ನಾಜಿವಾದ, ಕಾನೂನನ್ನು ಬದಿಗೊತ್ತಿ ಭಯದ ಮೂಲಕ ಆಳುವ ಒಂದು ಕ್ರಮ. ಆದರೆ ಆ ನೌಕಾಪಡೆಯೊಳಗೂ ಬಣ್ಣದ ಗೋಡೆಯಿತ್ತು. 1942ರ ಮಧ್ಯದವರೆಗೆ ಕರಿಯ ನಾವಿಕರಿಗೆ ಊಟದ ಕೋಣೆಯ ಸೇವೆಯ ಆಚೆಗೆ ಹೆಚ್ಚೇನೂ ದಕ್ಕುತ್ತಿರಲಿಲ್ಲ, ಮತ್ತು ಸೇನೆಯಲ್ಲಿ ಸಮಾನ ಅವಕಾಶ ಸಾರುವ ಆಜ್ಞೆಗೆ ಅಧ್ಯಕ್ಷ ಟ್ರೂಮನ್ ಸಹಿ ಹಾಕಿದ್ದು 1948ರ ಜುಲೈ 26ರಂದು.

ಯುದ್ಧದಿಂದ ಮರಳಿದ ಕಾರ್ಟರ್ ಟೇಬರ್ ಸಿಟಿಗೆ ಬಂದದ್ದು ಅಲ್ಲಿನ ವರ್ತಕರ ಸಂಘದ ಆಡಳಿತ ನೋಡಿಕೊಳ್ಳುವ ಕೆಲಸಕ್ಕಾಗಿ. ಊರಿಗೆ ಒಂದು ಪತ್ರಿಕೆ ಇರಲಿಲ್ಲ. 1946ರಲ್ಲಿ ಅವರೇ ಆರಂಭಿಸಿದರು. ಇದು ಕೊಲಂಬಸ್ ಕೌಂಟಿ. ಹೊಗೆಸೊಪ್ಪು ಮತ್ತು ಸಿಹಿಗೆಣಸು ಬೆಳೆಯುವ ಸೀಮೆ. ಊರಿನ ಬದಿಯಲ್ಲೇ ರಾಜ್ಯದ ಗಡಿ. ದಾಟಿದರೆ ಸೌತ್ ಕ್ಯಾರೊಲಿನಾ. ಇಂಥ ಊರಿನ ವಾರಪತ್ರಿಕೆ ಬದುಕುವುದು ಚಂದಾ ಹಣದಿಂದಲ್ಲ, ಅಂಗಡಿಗಳ ಜಾಹೀರಾತಿನಿಂದ. ದಿನಸಿ ಅಂಗಡಿ, ಗೊಬ್ಬರದ ಅಂಗಡಿ, ಬಟ್ಟೆಯಂಗಡಿ, ಹೊಗೆಸೊಪ್ಪಿನ ಗೋದಾಮು ಇವುಗಳಲ್ಲಿ ನಾಲ್ಕೈದು ಮಂದಿ ಒಟ್ಟಾಗಿ ಕೈ ತೆಗೆದರೆ ಮುಂದಿನ ವಾರದ ಕಾಗದಕ್ಕೆ ಹಣವಿರುವುದಿಲ್ಲ. ಕಾರ್ಟರ್ ಮುಂದೆ ಮಾಡಿದ್ದನ್ನು ತೂಗುವವರು ಈ ಲೆಕ್ಕವನ್ನು ಮರೆಯಬಾರದು. ಅವರಿಗೆ ಅನ್ನ ಕೊಡುತ್ತಿದ್ದವರು ಆ ವರ್ತಕರೇ. ಆ ಅಂಗಡಿಗಳ ಗಿರಾಕಿಗಳಲ್ಲಿ ಯಾರು ಯಾರು ಮನೆಯಲ್ಲಿ ಬಿಳಿ ಮುಸುಕನ್ನು ಮಡಿಸಿಟ್ಟಿದ್ದಾರೆಂಬುದು ಯಾರಿಗೂ ನಿಚ್ಚಳವಾಗಿ ಗೊತ್ತಿರಲಿಲ್ಲ.

ಮೆರವಣಿಗೆಯ ಮುಂದಾಳು ಥಾಮಸ್ ಹ್ಯಾಮಿಲ್ಟನ್, ಸೌತ್ ಕ್ಯಾರೊಲಿನಾದ ಲೀಸ್‌ವಿಲ್‌ನ ಒಬ್ಬ ದಿನಸಿ ವ್ಯಾಪಾರಿ. ಅಂತರ್ಯುದ್ಧ ಮುಗಿದ 1865ರಲ್ಲಿ ಟೆನೆಸಿಯಲ್ಲಿ ಹುಟ್ಟಿ, 1915ರಲ್ಲಿ ಜಾರ್ಜಿಯಾದಲ್ಲಿ ಮತ್ತೆ ಜೀವ ಪಡೆದ ಕ್ಲಾನ್ ಈ ಹೊತ್ತಿಗೆ ಹಲವು ತುಂಡುಗಳಾಗಿತ್ತು. ಎರಡೂ ಕ್ಯಾರೊಲಿನಾಗಳಲ್ಲಿ ತನ್ನದೇ ಸಂಘ ಕಟ್ಟಿಕೊಂಡ ಹ್ಯಾಮಿಲ್ಟನ್ 'ಗ್ರ್ಯಾಂಡ್ ಡ್ರ್ಯಾಗನ್' ಎಂಬ ಬಿರುದು ಧರಿಸಿ ಸದಸ್ಯರನ್ನು ಸೇರಿಸಿಕೊಳ್ಳುತ್ತಿದ್ದ.

ಜುಲೈ 26ರ ಬುಧವಾರ ಟ್ರಿಬ್ಯೂನ್ ಹೊರಬಂತು. ಟ್ರೂಮನ್ನರ ಆಜ್ಞೆಗೆ ಅಂದಿಗೆ ಸರಿಯಾಗಿ ಎರಡು ವರ್ಷ ತುಂಬಿದ್ದು ಕಾಕತಾಳೀಯವೇ ಇರಬೇಕು, ಆದರೂ ಆ ದಿನಾಂಕದ ಮೇಲೆ ನನ್ನ ಕಣ್ಣು ಪ್ರತಿಸಲವೂ ನಿಲ್ಲುತ್ತದೆ. ಕ್ಲಾನ್‌ಗೆ ಯಾವ ಸಮರ್ಥನೆಯೂ ಇಲ್ಲವೆಂಬ ಅರ್ಥದ ಶೀರ್ಷಿಕೆ ಹೊತ್ತ ಆ ಸಂಪಾದಕೀಯದಲ್ಲಿ ಕಾರ್ಟರ್ ಸುತ್ತಿ ಬಳಸಿ ಏನನ್ನೂ ಹೇಳಲಿಲ್ಲ. ಅಮೆರಿಕತನದ ಹೆಸರು ಹೇಳಿಕೊಳ್ಳುವ ಕ್ಲಾನ್ ವಾಸ್ತವದಲ್ಲಿ ಫ್ಯಾಸಿಸಂ ಮತ್ತು ನಾಜಿವಾದಗಳ ಮೂರ್ತರೂಪವೆಂದೂ, ಕಾನೂನಿನ ಹೊರಗೆ ನಡೆಯುವ ಇಂಥ ಕೃತ್ಯಗಳೇ ಭಯ ಮತ್ತು ಅಭದ್ರತೆಯ ಮೂಲಕ ಸರ್ವಾಧಿಕಾರಕ್ಕೆ ದಾರಿ ಮಾಡುತ್ತವೆಂದೂ ಬರೆದರು. ಈ ಎರಡು ಪದಗಳನ್ನು ನಾನು ಅಲಂಕಾರವೆಂದು ಓದಲಾರೆ. ಆ ಎರಡರ ವಿರುದ್ಧ ನಡೆದ ಯುದ್ಧದಲ್ಲಿ ಸಮವಸ್ತ್ರ ತೊಟ್ಟಿದ್ದ ಮನುಷ್ಯ, ಯುದ್ಧ ಮುಗಿದು ಐದು ವರ್ಷ ತುಂಬುವ ಮೊದಲೇ, ಅದೇ ವಸ್ತು ತನ್ನ ಊರಿನ ಬೀದಿಯಲ್ಲಿ ಕಾರು ಓಡಿಸಿಕೊಂಡು ಹೋಗುವುದನ್ನು ಕಂಡು ಗುರುತು ಹಿಡಿದು ಹೆಸರಿಟ್ಟದ್ದು ಅದು. ಆ ಬೀದಿಯಲ್ಲಿ ನೋಡುತ್ತ ನಿಂತವರಲ್ಲಿ ಅದೇ ಯುದ್ಧದಿಂದ ಮರಳಿದ ಬೇರೆಯವರೂ ಇದ್ದಿರಬೇಕು, ಮುಸುಕಿನೊಳಗೂ ಇದ್ದಿರಬಹುದು. ಸಮವಸ್ತ್ರ ತಾನಾಗಿಯೇ ಯಾರಿಗೂ ಈ ಕಣ್ಣು ಕೊಡುವುದಿಲ್ಲ. ಕಾರ್ಟರ್ ಅದನ್ನು ತಾವಾಗಿ ಉಳಿಸಿಕೊಂಡಿದ್ದರು.

ಬೆದರಿಕೆಗಳು ತಡಮಾಡಲಿಲ್ಲ. ಸಹಿಯಿಲ್ಲದ ಪತ್ರಗಳು ಬಂದವು, ದೂರವಾಣಿ ಕರೆಗಳು ಬಂದವು. ಹ್ಯಾಮಿಲ್ಟನ್ ಸ್ವತಃ ಪತ್ರಿಕೆಯ ಕಚೇರಿಗೆ ಬಂದು ಜಾಹೀರಾತುದಾರರನ್ನು ದೂರ ಮಾಡುವ ಮಾತಾಡಿದ. ನೀರಿನಲ್ಲಿದ್ದುಕೊಂಡೇ ಮೊಸಳೆಯ ಹಗೆ ಕಟ್ಟಿಕೊಂಡ ಸ್ಥಿತಿ ಅದು. ಕಾರ್ಟರ್‌ಗೆ ಹೆಂಡತಿ ಇದ್ದರು, ಚಿಕ್ಕ ಮಕ್ಕಳಿದ್ದರು. ಅವರು ಬರೆಯುತ್ತಲೇ ಹೋದರು. ಮೂರು ವರ್ಷಗಳ ಅವಧಿಯಲ್ಲಿ ಕ್ಲಾನ್ ಕುರಿತು ನೂರಕ್ಕೂ ಹೆಚ್ಚು ಸುದ್ದಿ ಮತ್ತು ಸಂಪಾದಕೀಯಗಳು ಟ್ರಿಬ್ಯೂನ್‌ನಲ್ಲಿ ಪ್ರಕಟವಾದವು. ವಾರಕ್ಕೊಮ್ಮೆ ಬರುವ ಪತ್ರಿಕೆಯಲ್ಲಿ ಈ ಸಂಖ್ಯೆಯ ಅರ್ಥವೇನೆಂದು ಲೆಕ್ಕ ಹಾಕಿ ನೋಡಿದೆ: ಎರಡು ವಾರ ಸುಮ್ಮನಿದ್ದರೆ ಮೂರನೆಯ ವಾರ ಎರಡು ಬರಹ ಬರೆಯಬೇಕು. ಒಮ್ಮೆ ಸಿಡಿದು ಸುಮ್ಮನಾಗುವ ಧೈರ್ಯ ಹಲವರಲ್ಲಿರುತ್ತದೆ. ಇದು ಬೇರೆಯೇ ಜಾತಿಯದು.

ಆ ಆಗಸ್ಟ್‌ನಲ್ಲೇ ಗಡಿಯಾಚೆ ರಕ್ತ ಹರಿಯಿತು. ಸೌತ್ ಕ್ಯಾರೊಲಿನಾದ ಮರ್ಟಲ್ ಬೀಚ್‌ನಲ್ಲಿ ಚಾರ್ಲಿ ಫಿಟ್ಜ್‌ಜೆರಾಲ್ಡ್ ಎಂಬ ಕರಿಯ ಉದ್ಯಮಿ ನಡೆಸುತ್ತಿದ್ದ, ಬಿಳಿಯ ತರುಣರೂ ಬಂದು ಕುಣಿಯುತ್ತಿದ್ದ ಸಂಗೀತ ಕ್ಲಬ್ಬಿನ ಮೇಲೆ 1950ರ ಆಗಸ್ಟ್ 26ರ ರಾತ್ರಿ ಕ್ಲಾನ್ ಗುಂಪು ದಾಳಿಯಿಟ್ಟಿತು. ಗುಂಡಿನ ಸುರಿಮಳೆಯಾಯಿತು, ಫಿಟ್ಜ್‌ಜೆರಾಲ್ಡ್‌ರನ್ನು ಎಳೆದೊಯ್ದು ಥಳಿಸಿದರು. ಗಲಭೆಯಲ್ಲಿ ಸತ್ತ ಒಬ್ಬ ದಾಳಿಕೋರನ ಬಿಳಿ ನಿಲುವಂಗಿಯನ್ನು ತೆಗೆದಾಗ ಒಳಗೆ ಪೊಲೀಸ್ ಸಮವಸ್ತ್ರವಿತ್ತು. ಆತ ಪಕ್ಕದ ಕಾನ್ವೇ ಊರಿನ ಪೊಲೀಸನಾಗಿದ್ದ. ಬೇಲಿಯೇ ಎದ್ದು ಹೊಲ ಮೇಯುವುದೆಂಬ ನಮ್ಮ ಹಳೆಯ ಮಾತಿಗೆ ಇದಕ್ಕಿಂತ ನೇರವಾದ ನಿದರ್ಶನ ನನಗೆ ಸಿಕ್ಕಿಲ್ಲ.

ಮುಂದಿನ ತಿಂಗಳುಗಳಲ್ಲಿ ಕೊಲಂಬಸ್ ಕೌಂಟಿಯಲ್ಲಿ ರಾತ್ರಿಯ ಹೊತ್ತು ಮನೆಗೆ ನುಗ್ಗಿ, ಜನರನ್ನು ಕಾರಿನಲ್ಲಿ ಎಳೆದೊಯ್ದು, ನಿರ್ಜನ ಸ್ಥಳದಲ್ಲಿ ಚಾಟಿಯಿಂದ ಹೊಡೆಯುವ ಪ್ರಕರಣಗಳು ಸಾಲುಸಾಲಾಗಿ ನಡೆದವು. ಏಟು ತಿಂದವರಲ್ಲಿ ಕರಿಯರಷ್ಟೇ ಅಲ್ಲ, ಬಿಳಿಯರೂ ಹಲವರಿದ್ದರು. ಕುಡಿಯುತ್ತಾನೆ, ಚರ್ಚಿಗೆ ಹೋಗುವುದಿಲ್ಲ, ಮದುವೆಯಾಗದವಳೊಡನೆ ಬಾಳುತ್ತಾನೆ ಎಂಬಂಥ ಆರೋಪಗಳನ್ನು ಹೊರಿಸಿ, ತಾವೇ ನ್ಯಾಯಾಧೀಶರೂ ತಾವೇ ದಂಡಾಧಿಕಾರಿಗಳೂ ಆಗಿ ಹೊಡೆಯುತ್ತಿದ್ದರು. ಹೊಡೆಸಿಕೊಂಡವರು ಬಾಯಿ ಬಿಡಲು ಹೆದರುತ್ತಿದ್ದರು. ಕಾರ್ಟರ್ ಅದನ್ನು ಅಚ್ಚಿಗೆ ತರುತ್ತಿದ್ದರು. ಗಾಯವನ್ನು ಪತ್ರಿಕೆಯ ಪುಟಕ್ಕೆ ತರುವುದೇ ಅಲ್ಲಿ ದೊಡ್ಡ ಕೆಲಸವಾಗಿತ್ತು, ಏಕೆಂದರೆ ಭಯದ ಆಳ್ವಿಕೆ ನಿಂತಿದ್ದೇ ಆ ಮೌನದ ಮೇಲೆ.

ಒಂದು ವಿಷಯವನ್ನು ನಾನು ಮುಚ್ಚಿಡಲಾರೆ. ಈ ಸಂಪಾದಕೀಯಗಳು ಬಣ್ಣಭೇದದ ವ್ಯವಸ್ಥೆಯನ್ನೇ ಬುಡಸಹಿತ ಕೀಳಬೇಕೆಂದು ಕೇಳಿದವಲ್ಲ. ಅವು ನಿಂತದ್ದು ಕಾನೂನಿನ ಪರವಾಗಿ, ಮುಸುಕುಧಾರಿಗಳ ದರ್ಬಾರಿನ ವಿರುದ್ಧವಾಗಿ. ಶಾಲೆಗಳೂ ಬಸ್ಸುಗಳೂ ಕುಡಿಯುವ ನೀರಿನ ನಲ್ಲಿಗಳೂ ಬಣ್ಣದ ಮೇಲೆ ಬೇರೆಯಾಗಿದ್ದ 1950ರ ದಕ್ಷಿಣದಲ್ಲಿ, ಕಾನೂನು ಎಂಬ ಪದವೇ ಎಲ್ಲರಿಗೂ ಒಂದೇ ಅರ್ಥ ಕೊಡುತ್ತಿರಲಿಲ್ಲ. ಇಂದಿನ ಓದುಗರಿಗೆ ಅಷ್ಟು ಸಾಲದೆನಿಸಬಹುದು. ನನಗೂ ಕೆಲವೊಮ್ಮೆ ಹಾಗನ್ನಿಸಿದೆ. ಆದರೂ, ಆ ಊರಿನಲ್ಲಿ ಆ ವಾರ ಆ ಮಾತನ್ನು ಹೆಸರು ಹಾಕಿ ಅಚ್ಚು ಮಾಡಿದ್ದು ಕಾರ್ಟರ್ ಎಂಬುದು ಅದರಿಂದ ಕಿರಿದಾಗುವುದಿಲ್ಲ.

ಅವರು ಸಂಪೂರ್ಣ ಒಂಟಿಯೂ ಆಗಿರಲಿಲ್ಲ. ಕೌಂಟಿಯ ಕೇಂದ್ರವಾದ ವೈಟ್‌ವಿಲ್‌ನ 'ನ್ಯೂಸ್ ರಿಪೋರ್ಟರ್' ಪತ್ರಿಕೆಯ ಸಂಪಾದಕ ವಿಲ್ಲರ್ಡ್ ಕೋಲ್ ಅದೇ ಹೋರಾಟಕ್ಕಿಳಿದರು. ಎರಡು ಸಣ್ಣ ಪತ್ರಿಕೆಗಳು ಒಂದೇ ಕೌಂಟಿಯ ಜಾಹೀರಾತಿಗಾಗಿ ಪೈಪೋಟಿ ನಡೆಸುವುದು ಸಹಜ. ಒಂದೇ ಅಪಾಯಕ್ಕೆ ಎದೆಯೊಡ್ಡುವುದು ಅಪರೂಪ.

ಕೊನೆಗೆ ಕ್ಲಾನ್ ಮುಗ್ಗರಿಸಿದ್ದು ಗಡಿಯ ಮೇಲೆ. 1951ರ ಅಕ್ಟೋಬರ್‌ನಲ್ಲಿ ಫೇರ್ ಬ್ಲಫ್ ಸಮೀಪದಿಂದ ಒಬ್ಬ ಗಂಡಸನ್ನೂ ಒಬ್ಬ ಹೆಂಗಸನ್ನೂ ಎಳೆದೊಯ್ದ ಗುಂಪು ಅವರನ್ನು ರಾಜ್ಯದ ಗಡಿ ದಾಟಿಸಿ ಸೌತ್ ಕ್ಯಾರೊಲಿನಾದಲ್ಲಿ ಥಳಿಸಿತು. ಹೊಡೆತ, ಬೆದರಿಕೆಗಳು ರಾಜ್ಯದ ಪೊಲೀಸರ ವ್ಯಾಪ್ತಿಯವು. ಆದರೆ ಅಪಹರಿಸಿದವರನ್ನು ಗಡಿ ದಾಟಿಸಿದರೆ 1932ರ ಕಾಯ್ದೆಯಂತೆ ಅದು ಒಕ್ಕೂಟ ಸರ್ಕಾರದ ಅಪರಾಧ. ಹೀಗೆ ಒಕ್ಕೂಟ ಸರ್ಕಾರದ ತನಿಖಾ ಸಂಸ್ಥೆಯಾದ ಎಫ್‌ಬಿಐಗೆ ಬಾಗಿಲು ತೆರೆಯಿತು. 1952ರ ಫೆಬ್ರವರಿಯಲ್ಲಿ ಅದರ ಅಧಿಕಾರಿಗಳು ಮೊದಲ ಹತ್ತು ಮಂದಿಯನ್ನು ಬಂಧಿಸಿದರು. ಒಬ್ಬರ ನಂತರ ಒಬ್ಬರ ಬಾಯಿ ಬಿಚ್ಚಿಕೊಂಡಿತು, ರಾಜ್ಯದ ನ್ಯಾಯಾಲಯಗಳಲ್ಲೂ ಮೊಕದ್ದಮೆಗಳು ಏರಿದವು, ನೂರಕ್ಕೂ ಹೆಚ್ಚು ಕ್ಲಾನ್ ಸದಸ್ಯರ ಅಪರಾಧ ಸಾಬೀತಾಯಿತು. ಅದೇ ವರ್ಷ ಹ್ಯಾಮಿಲ್ಟನ್ ತಪ್ಪೊಪ್ಪಿಕೊಂಡು ನಾಲ್ಕು ವರ್ಷಗಳ ಸೆರೆವಾಸಕ್ಕೆ ಹೋದ. ಮುಸುಕು ತೆಗೆದ ಮೇಲೆ ಕಂಡದ್ದು ರೈತರು, ವ್ಯಾಪಾರಿಗಳು, ಹಿಂದೆ ಪೊಲೀಸ್ ಕೆಲಸದಲ್ಲಿದ್ದವರು. ಊರಿನ ದಿನನಿತ್ಯದ ಮುಖಗಳೇ.

1953ರಲ್ಲಿ ಅಮೆರಿಕದ ಪತ್ರಿಕೋದ್ಯಮದ ಪ್ರತಿಷ್ಠಿತ ಗೌರವವಾದ ಪುಲಿಟ್ಜರ್ ಪ್ರಶಸ್ತಿಯನ್ನು, ಸಾರ್ವಜನಿಕ ಸೇವೆಯ ವಿಭಾಗದಲ್ಲಿ, ಎರಡೂ ಪತ್ರಿಕೆಗಳಿಗೆ ಜೊತೆಯಾಗಿ ಕೊಡಲಾಯಿತು. ಈ ವಿಭಾಗದಲ್ಲಿ ವಾರಪತ್ರಿಕೆಗಳು ಗೌರವ ಪಡೆದದ್ದು ಅದೇ ಮೊದಲು. ಆರ್ಥಿಕ ನಷ್ಟವನ್ನೂ ಜೀವಾಪಾಯವನ್ನೂ ಲೆಕ್ಕಿಸದೆ ತಮ್ಮದೇ ಹೊಸ್ತಿಲಲ್ಲಿ ನಡೆಸಿದ ಹೋರಾಟವೆಂದು ಪ್ರಶಸ್ತಿಯ ಒಕ್ಕಣೆ ಹೇಳಿತು. ಹೊಸ್ತಿಲು ಎಂಬ ಆ ಮಾತು ನನಗೆ ಬಹಳ ಸರಿಯೆನಿಸುತ್ತದೆ. ಸಮುದ್ರದ ಮೇಲಿನ ಯುದ್ಧದಲ್ಲಿ ಶತ್ರು ಬೇರೆ ಬಾವುಟ ಹಾರಿಸಿಕೊಂಡು ಬರುತ್ತಾನೆ, ಜೊತೆಯಲ್ಲಿ ಹಡಗು ತುಂಬ ಸಂಗಡಿಗರಿರುತ್ತಾರೆ, ಹಿಂದೆ ಇಡೀ ದೇಶ ನಿಂತಿರುತ್ತದೆ. ಟೇಬರ್ ಸಿಟಿಯಲ್ಲಿ ಶತ್ರು ಬೆಳಿಗ್ಗೆ ಕಾರ್ಟರ್‌ಗೆ ನಮಸ್ಕಾರ ಹೇಳಿ ಪತ್ರಿಕೆ ಕೊಂಡು ಹೋಗುತ್ತಿದ್ದಿರಬಹುದು.

ಉಳಿದ ಬದುಕು ದೀರ್ಘವೂ ನೆಮ್ಮದಿಯದೂ ಆಗಿತ್ತು. ಪತ್ರಿಕೆಯ ಜೊತೆ ಬೆಳೆದ ಮುದ್ರಣ ಮತ್ತು ಕಾಗದದ ವ್ಯವಹಾರ ಮುಂದೆ ಅಟ್ಲಾಂಟಿಕ್ ಪ್ಯಾಕೇಜಿಂಗ್ ಎಂಬ ದೊಡ್ಡ ಉದ್ಯಮವಾಗಿ, ಅವರ ಮಗನ ಕೈಯಲ್ಲಿ ಹಬ್ಬಿತು. ಕಾರ್ಟರ್ ಫ್ಲಾರಿಡಾದ ಕ್ರಾಸ್ ಕ್ರೀಕ್‌ಗೆ ಹೋಗಿ ಕೆರೆಗಳಲ್ಲಿ ಬಾಸ್ ಮೀನು ಹಿಡಿಯುತ್ತ, ಅದರ ಬಗ್ಗೆಯೇ ಲೇಖನಗಳನ್ನೂ ಪುಸ್ತಕಗಳನ್ನೂ ಬರೆಯುತ್ತ ವರ್ಷಗಟ್ಟಲೆ ಕಳೆದರು. ಕ್ಲಾನ್ ಕಾಲದ ನೆನಪುಗಳನ್ನು ಪುಸ್ತಕವಾಗಿಸಿದ್ದು 1990ರ ದಶಕದಲ್ಲಿ, ಎಪ್ಪತ್ತರ ಹರೆಯದಲ್ಲಿ. ಆಮೇಲೆ ಟೇಬರ್ ಸಿಟಿಗೇ ಮರಳಿದರು. 2009ರ ಸೆಪ್ಟೆಂಬರ್ 16ರಂದು ವಿಲ್ಮಿಂಗ್ಟನ್‌ನಲ್ಲಿ, ಎಂಬತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ಬಂದರು ನಗರದ ನದಿಯಲ್ಲಿ, ಅವರ ಕಾಲದ ಮಹಾಯುದ್ಧದಲ್ಲಿ ಕಾದಾಡಿದ 'ನಾರ್ತ್ ಕ್ಯಾರೊಲಿನಾ' ಯುದ್ಧನೌಕೆ 1961ರಿಂದ ಲಂಗರು ಹಾಕಿ ನಿಂತಿದೆ.

ಪತ್ರಿಕೆ ಕಾಲಾಂತರದಲ್ಲಿ ಹೆಸರು ಬದಲಿಸಿಕೊಂಡು 'ಟೇಬರ್-ಲೋರಿಸ್ ಟ್ರಿಬ್ಯೂನ್' ಆಯಿತು. ಲೋರಿಸ್ ಗಡಿಯಾಚೆಯ ಸೌತ್ ಕ್ಯಾರೊಲಿನಾದ ಊರು. ಹ್ಯಾಮಿಲ್ಟನ್‌ನ ಕಾರುಗಳು ರಾತ್ರಿ ಹೊತ್ತು ದಾಟುತ್ತಿದ್ದ ಅದೇ ಗೆರೆಯ ಎರಡೂ ಬದಿಯ ಸುದ್ದಿ ಹೀಗೆ ಒಂದೇ ಪತ್ರಿಕೆಯ ಪುಟಗಳಲ್ಲಿ ಸೇರಿತು.