ಮೂರು ಬಿಟ್ ನುಂಗಿದ ‘ಸಹ್ಯಾದ್ರಿ’

ಆ ಬೋರ್ಡ್ ಈಗ ಶಿರಸಿಯಲ್ಲೇ ಒಂದು ಹೊಸ ಮನೆಯ ಬಾಗಿಲ ಮೇಲಿದೆ. ಆ ದಾರಿಯಲ್ಲಿ ಹೋದಾಗಲೆಲ್ಲ ಬೈಕ್ ನಿಧಾನ ಮಾಡಿ ‘ದ್ರಿ’ಯ ಒತ್ತು ಮಾತ್ರ ನೋಡಿ ಮುಂದೆ ಹೋಗುತ್ತೇನೆ.

ಶ್ರಾವಣದ ಗೃಹಪ್ರವೇಶಕ್ಕೆ ಬಂದ ಕೆಲಸ. ನಮ್ಮ ಸಿಎನ್‌ಸಿಯಲ್ಲಿ, ಅಂದರೆ ಕಂಪ್ಯೂಟರ್ ಹೇಳಿದಂತೆ ಮರ ಕೊರೆಯುವ ಮಶಿನ್ನಿನಲ್ಲಿ, ಸಾಗುವಾನಿ ಹಲಗೆಗೆ 3 ಎಂಎಂ ಆಳಕ್ಕೆ ‘ಸಹ್ಯಾದ್ರಿ’ ಕೊರೆದು, ಅದರೊಳಗೆ ಹಲಸಿನ ಹಳದಿ ಅಕ್ಷರ ಕೂರಿಸಬೇಕು. ದುಂಡಗೆ ತಿರುಗಿ ಮರ ಕೊರೆಯುವ ಬಿಟ್ ಯಾವ ಒಳಮೂಲೆಯಲ್ಲೂ ತನ್ನ ಅರ್ಧ ದಪ್ಪದಷ್ಟು ದುಂಡು ಉಳಿಸಿಯೇ ಹೋಗುತ್ತದೆ. ನಮ್ಮ ಒತ್ತಕ್ಷರದ ಬಾಲಕ್ಕಂತೂ 3 ಎಂಎಂ ಬಿಟ್ ಹೊಗುವುದೇ ಇಲ್ಲ. ಹಾಗಾಗಿ ಅಗಲ ಇದ್ದಲ್ಲಿ 3 ಎಂಎಂ, ಮೂಲೆಗೆ ಮತ್ತು ಒತ್ತಿಗೆ 1 ಎಂಎಂ ಎಂಡ್‌ಮಿಲ್. ಶ್ಯಾಂಕ್, ಅಂದರೆ ಮಶಿನ್ ಹಿಡಿಯುವ ಬುಡ, 3.175 ಎಂಎಂ, ತುದಿ ಮಾತ್ರ ಗೋಣಿ ಹೊಲಿಯುವ ಸೂಜಿಯ ಹಾಗೆ. ಪೆಟ್ಟಿಗೆಯಲ್ಲಿ ನಾಲ್ಕು ಉಳಿದಿದ್ದವು.

ಹಿಂದಿನ ಸಂಜೆ ಹಲಸಿನ ಅಕ್ಷರಗಳು ಬೆಣ್ಣೆಯಂತೆ ಕಟ್ ಆಗಿ ಬಂದಿದ್ದವು. ಆ ಧೈರ್ಯ. ಬೆಳಿಗ್ಗೆ ಸಾಗುವಾನಿ ಕ್ಲ್ಯಾಂಪ್ ಮಾಡಿ, ಮೂಲೆಯಲ್ಲಿ ಝಡ್ ಝೀರೋ, ಅಂದರೆ ಆಳ ಎಣಿಸುವ ಸೊನ್ನೆ, ಹಿಡಿದು ಸ್ಟಾರ್ಟ್ ಒತ್ತಿದೆ. ‘ಹ್ಯಾ’ ಅರ್ಧಕ್ಕೆ ಬಂದಾಗ ಮೊದಲನೆಯದು ಹೋಯಿತು.

ಎರಡು ರೂಪಾಯಿ ಉಳಿಸಲು ತರಿಸಿದ ಮಾಲು ಎಂದು ಮಾಲಕರನ್ನು ಮನಸ್ಸಿನಲ್ಲೇ ಬೈದೆ. ಎರಡನೆಯದನ್ನು ಹಾಕಿ, ಹುಷಾರಿಗೆ ಇರಲಿ ಅಂತ ಮಶಿನ್ನಿನ ಕೈ ರಿಮೋಟಾದ ಡಿಎಸ್‌ಪಿಯಲ್ಲಿ ಫೀಡನ್ನು, ಅಂದರೆ ಬಿಟ್ ಮುಂದೆ ಸಾಗುವ ವೇಗವನ್ನು, ನಿಮಿಷಕ್ಕೆ 800 ಎಂಎಂನಿಂದ ಶೇಕಡಾ 20ಕ್ಕೆ ಇಳಿಸಿದೆ. ಬಿಟ್ ತಿರುಗಿಸುವ ಸ್ಪಿಂಡಲ್ ನಿಮಿಷಕ್ಕೆ 24,000 ಸುತ್ತು, ಅದು ಇದ್ದಲ್ಲೇ ಇತ್ತು. ಮದುವೆ ಮನೆಯ ಮುದುಕಿಯ ಹಾಗೆ ಸ್ಪಿಂಡಲ್ ನಿಧಾನಕ್ಕೆ ಸಾಗುತ್ತಿತ್ತು. ಸುಟ್ಟ ಎಣ್ಣೆಯ ಹಾಗೆ ವಾಸನೆ ಬಂತು. ಸಾಗುವಾನಿ ಅಲ್ಲವಾ, ವಾಸನೆ ಇದ್ದದ್ದೇ ಅಂದುಕೊಂಡು ಚಾ ಕುಡಿಯಲು ಹೋದೆ.

ವಾಪಸು ಬಂದರೆ ಎಲ್ಲ ಸರಿಯಾಗೇ ಇದೆ. ಸ್ಪಿಂಡಲ್ ತಿರುಗುತ್ತಿದೆ, ‘ದ್ರಿ’ಯ ಬಾಲದ ಮೇಲೆ ಅಚ್ಚುಕಟ್ಟಾಗಿ ಓಡಾಡುತ್ತಿದೆ. ಬಗ್ಗಿ ನೋಡುತ್ತೇನೆ, ತುದಿಯೇ ಇಲ್ಲ. 6 ಎಂಎಂ ಮುರಿದರೆ ಪಕ್ಕದ ಗ್ಯಾರೇಜಿಗೂ ಕೇಳುತ್ತದೆ. 1 ಎಂಎಂ ಮುರಿದದ್ದು ಅದನ್ನು ಹಿಡಿದ ಮಶಿನ್ನಿಗೂ ಗೊತ್ತಾಗುವುದಿಲ್ಲ. ಎಷ್ಟು ಹೊತ್ತಿನಿಂದ ಗಾಳಿ ಕೊರೆಯುತ್ತಿತ್ತೋ.

ಮೂರನೆಯದು ಹಾಕಿ ಅದೇ ಅಕ್ಷರ ಮತ್ತೆ ಹಚ್ಚಿದೆ. ಈ ಸಲ ಕಣ್ಣು ಮಿಟುಕಿಸದೆ ನಿಂತೆ. ಅದೇ ಬಾಲ, ಅದೇ ತಿರುವು. ಟಿಕ್.

“ಎಂತದಾ ತಮ್ಮಾ, ಮಶಿನ್ನಿನ ಹಲ್ಲು ಉದ್ರಿ ಹೋತಾ?” ಅಂದರು ಮೂಲೆಯಲ್ಲಿ ಚೌಕಟ್ಟು ಮಾಡುತ್ತಿದ್ದ ಆಚಾರ್ರು. ನಾನು ಉತ್ತರ ಕೊಡದೆ ಬಿಟ್ ಕಳಿಸಿದ ಹುಬ್ಬಳ್ಳಿಯ ಅಂಗಡಿಗೆ ಫೋನ್ ಹಚ್ಚಿದೆ. ಬೈಯುವುದಕ್ಕೇ ಹಚ್ಚಿದ್ದು.

ಆ ಮನುಷ್ಯ ಪೂರ್ತಿ ಕೇಳಿಸಿಕೊಂಡು, “ಪುಡಿ ಹೆಂಗ ಬರಾಕತ್ತೈತ್ರಿ? ಹಿಟ್ಟಿನಂಗೋ, ರವಾದಂಗೋ?” ಅಂದ.

ಬೆರಳಲ್ಲಿ ತಿಕ್ಕಿ ನೋಡಿದೆ. ಹಿಟ್ಟು, ಅದೂ ಹುರಿದ ಹಿಟ್ಟಿನ ಬಣ್ಣ.

“ಹಂಗಾದ್ರ ಅದು ಕಟ್ ಮಾಡವಲ್ದು, ತಿಕ್ಕಾಕತ್ತೈತಿ. ಸಾಗುವಾನಿ ಒಳಗ ಮರಳಿನ ಅಂಶ ಬ್ಯಾರೆ. ಫೀಡ್ ಇಳಿಸಿದ್ರಿ ಹೌದಲ್ರಿ?”

ಲೆಕ್ಕ ನನಗೆ ಗೊತ್ತಿಲ್ಲದ್ದೇನಲ್ಲ. ಎರಡು ಫ್ಲೂಟ್, ಅಂದರೆ ಕಚ್ಚುವ ಅಂಚು ಎರಡು, 24,000 ಸುತ್ತು. ನಿಮಿಷಕ್ಕೆ 48,000 ಕಚ್ಚು. ಫೀಡ್ 160 ಆದರೆ ಒಂದು ಕಚ್ಚಿಗೆ ಸಿಗುವುದು 0.003 ಎಂಎಂ. ಅಷ್ಟು ತೆಳ್ಳಗೆ ಕಚ್ಚುವ ಹರಿತ ಆ ಬಿಟ್ಟಿಗೆ ಇರುವುದಿಲ್ಲ. ಉಜ್ಜುತ್ತದೆ, ಕಾಯುತ್ತದೆ, ಅಂಟು ಮೆತ್ತಿಕೊಳ್ಳುತ್ತದೆ, ಹೋಗುತ್ತದೆ. ಕಾಪಾಡಲು ಹೋಗಿ ನಾನೇ ಸುಟ್ಟಿದ್ದೆ. ಸರಿ, ಆದರೆ ಮೂರನೆಯದು ಬಿಸಿಯಾಗುವ ಮೊದಲೇ ಹೋಯಿತಲ್ಲ ಎಂದು ಸ್ವರ ಏರಿಸಿದೆ.

“ಎರಡನೇದರ ತುದಿ ಎಲ್ಲೈತ್ರಿ?”

ನಾನು ಹುಡುಕಿಯೇ ಇರಲಿಲ್ಲ. ಮೊಬೈಲ್ ಟಾರ್ಚ್ ಹಿಡಿದೆ. ಒತ್ತಿನ ಬಾಲದ ತಳದಲ್ಲಿ ಸಾಸಿವೆಗಿಂತ ಸಣ್ಣದೊಂದು ಮಿಂಚು. ಮುರಿದ ಬಿಟ್ಟಿನ ಗಟ್ಟಿ ಕಾರ್ಬೈಡ್ ತುಣುಕಿನ ಮೇಲೆ ಹೊಸ ಕಾರ್ಬೈಡ್ ಬಿಟ್ ಓಡಿಸಿದ್ದೆ. ಫೋನಿನಲ್ಲಿ ಏನು ಹೇಳಿ ಇಟ್ಟೆನೋ ನೆನಪಿಲ್ಲ, ಥ್ಯಾಂಕ್ಸ್ ಅಂತೂ ಹೇಳಲಿಲ್ಲ.

ಮೊದಲನೆಯದು ಯಾಕೆ ಹೋಯಿತು ಎಂಬುದು ಆಮೇಲೆ ಹೊಳೆಯಿತು. ಮಳೆ ಹಿಡಿದಾಗಿನಿಂದ ಮಶಿನ್ನಿನ ಬೆಡ್ಡಿಗೆ ಹಾಸಿದ ಎಂಡಿಎಫ್, ಮರದ ನಾರು ಒತ್ತಿ ಮಾಡಿದ ಹಲಗೆ, ನೀರೆಳೆದು ಉಬ್ಬಿತ್ತು. ಒಮ್ಮೆ ತೆಳ್ಳಗೆ ಸ್ಕಿಮ್ ಹೊಡೆದು ಮೇಲ್ಮೈ ಸಮ ಮಾಡಬೇಕು ಅಂತ ಆಷಾಢದಿಂದ ಹೇಳುತ್ತಲೇ ಇದ್ದೆ. ಹೇಳುವವನೂ ನಾನೇ, ಹೊಡೆಯಬೇಕಾದವನೂ ನಾನೇ. ಕಾಗದದ ಚೂರು ಇಟ್ಟು ನಾಲ್ಕು ಕಡೆ ಮುಟ್ಟಿಸಿ ನೋಡಿದರೆ ಮೂಲೆಗಿಂತ ನಡುವೆ 0.6 ಎಂಎಂ ಏರು. ಒಂದು ಪಾಸಿಗೆ, ಅಂದರೆ ಒಂದು ಸಲಕ್ಕೆ, 0.5 ಇಳಿಯಬೇಕಾದ ಬಿಟ್ ಅಲ್ಲಿ 1.1 ಇಳಿದಿತ್ತು.

ಆಚಾರ್ರು ಸೂಜಿಯಿಂದ ತುಣುಕು ಎಬ್ಬಿಸಿದರು. ಏಳುವಾಗ ಬಾಲದ ಅಂಚಿನಿಂದ ಒಂದು ಸಿಬಿರು ಕಿತ್ತುಕೊಂಡೇ ಎದ್ದಿತು. ಉಳಿದದ್ದು ಒಂದು ಬಿಟ್, ಹೊರಗೆ ಜಡಿಮಳೆ, ಎರಡು ಸಲ ಕರೆಂಟ್ ಮಿಣಮಿಣ ಅಂದಿತ್ತು. ಬಿಟ್ ಹಿಡಿಯುವ ಕಾಲೆಟ್ ಬಿಚ್ಚಿದರೆ ಸೀಳಿನ ತುಂಬ ಹೊಟ್ಟು, ಬ್ರಶ್ ಹೊಡೆದೆ. ಎಲ್ಲಕ್ಕಿಂತ ಏರು ಇದ್ದಲ್ಲಿ ಝೀರೋ ಹಿಡಿದೆ. ತಗ್ಗಿನ ಕಡೆ ಆಳ ಕಮ್ಮಿ ಬರಲಿ, ಹಲಸಿನ ಅಕ್ಷರ ತುಸು ಮೇಲೆ ನಿಂತರೆ ಸ್ಯಾಂಡರ್ ಇದೆ. ಸ್ಪಿಂಡಲ್ 16,000, ಫೀಡ್ 500, ಪಾಸ್ 0.3. ಪರ್ಸೆಂಟೇಜ್ ಬಟನ್ ಹತ್ತಿರ ಕೈ ಹೋಗಬಾರದು ಅಂತ ಎರಡೂ ಕೈ ಹಿಂದೆ ಕಟ್ಟಿಕೊಂಡೆ.

ಹತ್ತು ಪಾಸ್. ಪ್ರತಿ ಪಾಸಿನಲ್ಲೂ ಆ ತಿರುವು ಬಂದಾಗ ಉಸಿರು ಹಿಡಿಯುತ್ತಿದ್ದೆ. ಐದನೆಯದಕ್ಕೆ ಬೆರಳು ಇಟ್ಟು ನೋಡಿದೆ: ರವೆ. ತಣ್ಣಗಿನ, ಹೊಂಬಣ್ಣದ ರವೆ.

ಅಕ್ಷರಗಳು ಸುತ್ತಿಗೆ ಹಿಡಿಯ ಎರಡು ತಟ್ಟಿಗೆ ಕೂತವು. ಕಿತ್ತ ಜಾಗಕ್ಕೆ ಆಚಾರ್ರು ಸಾಗುವಾನಿ ಪುಡಿ, ಫೆವಿಕಾಲ್ ಕಲಸಿ ತುಂಬಿದರು. ಮನೆಯವರಿಗೆ ಇಂದಿಗೂ ಗೊತ್ತಿಲ್ಲ. ಏರುತಗ್ಗು ಅಳೆಯಲು ನಾನು ಕೇಳಿದ ಡಯಲ್ ಗೇಜು ಇನ್ನೂ ಬಂದಿಲ್ಲ. ಮಾಲಕರು ಬಿಟ್ ಮಾತ್ರ ಈ ಸಲ ಇಪ್ಪತ್ತು ತರಿಸಿದ್ದಾರೆ.